ಜಟ್ಟಿ ಕಾರಿನ ಮೊಣಕಾಲು

ಮೋಟಾರು ಕಾರು ಎಂದ ಕೂಡಲೆ ನಮ್ಮ ಮನಸ್ಸು ಹರಿಯುವುದು ಇಂಜಿನಿನ ಕಡೆಗೆ. ಎಷ್ಟು ಅಶ್ವಶಕ್ತಿ, ಎಷ್ಟು ವೇಗ, ಎಷ್ಟು ಸೆಕೆಂಡಿಗೆ ಎಷ್ಟು ಮೈಲಿ ಎಂದು ಕೇಳುವವರು ಹಲವರುಂಟು. ಆ ವೇಗದಲ್ಲಿ ಓಡುವಾಗ ಮುಂದಿನ ಚಕ್ರಗಳನ್ನು ಗಾಡಿಗೆ ಹಿಡಿದು ನಿಲ್ಲಿಸಿರುವುದು ಯಾವುದು ಎಂದು ಕೇಳುವವರು ವಿರಳ. ಗರಡಿಯಲ್ಲಿ ಜಟ್ಟಿಯ ತೋಳು ತೊಡೆಗಳನ್ನು ಕಂಡು ತಲೆದೂಗುವವರು ಅವನ ಮೊಣಕಾಲಿನ ಕಡೆ ಕಣ್ಣು ಹಾಯಿಸುವುದಿಲ್ಲ. ಅಖಾಡದಲ್ಲಿ ಮೊದಲು ಕೈಕೊಡುವುದು ಮಾತ್ರ ಆ ಮೊಣಕಾಲೇ. ಅಮೆರಿಕದಲ್ಲಿ ೧೯೬೦ರ ದಶಕದಲ್ಲಿ ಹುಟ್ಟಿದ, ಅಲ್ಲಿಯವರು ‘ಮಸಲ್ ಕಾರ್’ ಎಂದು ಕರೆಯುವ, ನಾನು ಇಲ್ಲಿ ಜಟ್ಟಿ ಕಾರು ಎಂದು ಕರೆಯಲಿಚ್ಛಿಸುವ ಒಂದು ಜಾತಿಯ ಗಾಡಿಯ ಮೊಣಕಾಲನ್ನು ಮನೆಯ ಗ್ಯಾರೇಜಿನಲ್ಲಿಯೇ ಬಿಚ್ಚಿ ಮತ್ತೆ ಕಟ್ಟುವ ಬಗೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಕಲಾ ವಿಭಾಗದ ವಿದ್ಯಾರ್ಥಿಗೆ ಈ ಉಸಾಬರಿ ಏಕೆಂದು ನಮ್ಮ ಅಧ್ಯಾಪಕರಲ್ಲಿ ಕೆಲವರಾದರೂ ಹುಬ್ಬೇರಿಸಬಹುದು. ಮಿಷಿಗನ್ ರಾಜ್ಯದಲ್ಲಿ ನೆಲೆಸಿರುವ ನನ್ನ ಸೋದರಮಾವನ ಬಳಿ ೧೯೬೭ನೆಯ ಇಸವಿಯ ಪಾಂಟಿಯಾಕ್ ಜಿ.ಟಿ.ಓ. ಒಂದಿದೆ. ಕಳೆದ ಬೇಸಿಗೆಯ ರಜೆಯಲ್ಲಿ ಅಲ್ಲಿಗೆ ಹೋಗಿದ್ದ ನನಗೆ, ಅದರ ಮುಂಭಾಗವನ್ನು ಬಿಚ್ಚಿ ಕಟ್ಟುವ ಕೆಲಸದಲ್ಲಿ ಮೊದಲು ಟಾರ್ಚು ಹಿಡಿಯುವ, ಅನಂತರ ಸ್ಪ್ಯಾನರು ಹಿಡಿಯುವ ಬಡ್ತಿ ದೊರೆಯಿತು. ಗಾಡಿ ಗಂಟೆಗೆ ಐವತ್ತೈದು ಮೈಲಿ ದಾಟಿದರೆ ರಸ್ತೆಯ ಉದ್ದಕ್ಕೂ ಆ ಕಡೆ ಈ ಕಡೆ ಅಲೆಯುತ್ತಿತ್ತು. ಬ್ರೇಕು ಒತ್ತಿದಾಗ ಎಡಗಡೆಯಿಂದ ‘ಟಕ್’ ಎಂಬ ಸದ್ದು ಬರುತ್ತಿತ್ತು. ಅವರ ಮಗಳು ಆಗಷ್ಟೇ ಡ್ರೈವಿಂಗ್ ಲೈಸೆನ್ಸು ಪಡೆದಿದ್ದಳು. ಈ ಸದ್ದು ನಿಲ್ಲುವವರೆಗೆ ಮಗಳು ಆ ಗಾಡಿಯ ಬಾಗಿಲನ್ನೂ ಮುಟ್ಟಕೂಡದೆಂದು ಅತ್ತೆ ಅಪ್ಪಣೆ ಮಾಡಿದ್ದರು. ಅತ್ತೆಯ ಮಾತು ಎಷ್ಟು ನ್ಯಾಯವಾದುದೆಂಬುದು ಕೀಲುಗಳನ್ನು ಬಿಚ್ಚಿದ ಮೇಲೆ ನಮಗೆ ಮನವರಿಕೆಯಾಯಿತು.

ಮೊದಲು ಈ ಜಟ್ಟಿಯ ವಂಶಾವಳಿಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ೧೯೬೩ರ ಆರಂಭದಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯು ತನ್ನ ವಿಭಾಗಗಳು ಮೋಟಾರು ಪಂದ್ಯಗಳಲ್ಲಿ ತೊಡಗಕೂಡದೆಂದು ಕಟ್ಟಪ್ಪಣೆ ಮಾಡಿತು. ಪಂದ್ಯದ ಕೀರ್ತಿಯಿಂದಲೇ ಕಾರು ಮಾರುತ್ತಿದ್ದ ಪಾಂಟಿಯಾಕ್ ವಿಭಾಗಕ್ಕೆ ಇದು ದೊಡ್ಡ ಪೆಟ್ಟು. ಅಲ್ಲಿನ ಮುಖ್ಯ ಇಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಅವರ ಸಹೋದ್ಯೋಗಿಗಳು ದೊಡ್ಡ ಕಾರಿಗೆಂದು ತಯಾರಾಗಿದ್ದ ೩೮೯ ಘನ ಅಂಗುಲದ, ಎಂದರೆ ಸುಮಾರು ೬.೪ ಲೀಟರಿನ ಇಂಜಿನನ್ನು ಟೆಂಪೆಸ್ಟ್ ಎಂಬ ಮಧ್ಯಮ ಗಾತ್ರದ ಕಾರಿನಲ್ಲಿ ಕೂರಿಸಿದರು. ಆ ಗಾತ್ರದ ಕಾರಿಗೆ ೩೩೦ ಘನ ಅಂಗುಲಕ್ಕಿಂತ ದೊಡ್ಡ ಇಂಜಿನು ಕೂಡದೆಂಬುದು ಸಂಸ್ಥೆಯ ನಿಯಮ. ಹೊಸ ಮಾದರಿ ಎಂದರೆ ತಾನೇ ನಿಯಮ ಅಡ್ಡ ಬರುವುದು? ೧೯೬೪ರಲ್ಲಿ ಇದನ್ನು ಕೇಳಿದವರಿಗೆ ಮಾತ್ರ ಕೊಡುವ ಐಚ್ಛಿಕ ಸಲಕರಣೆ ಎಂದು ಹೆಸರಿಸಿ ಮಾರಿದರು. ಜಿ.ಟಿ.ಓ. ಎಂಬ ಹೆಸರನ್ನು ಇಟಲಿಯ ಫೆರಾರಿ ಕಾರಿನಿಂದ ಎತ್ತಿಕೊಂಡರು. ಮೊದಲನೆಯ ವರ್ಷವೇ ಮೂವತ್ತೆರಡು ಸಾವಿರಕ್ಕೂ ಮೇಲ್ಪಟ್ಟು ಗಾಡಿಗಳು ಖರ್ಚಾದುವು. ೧೯೬೭ರ ಹೊತ್ತಿಗೆ ಇಂಜಿನು ೪೦೦ ಘನ ಅಂಗುಲಕ್ಕೂ ಅಶ್ವಶಕ್ತಿ ೩೩೫ಕ್ಕೂ ಬೆಳೆದಿತ್ತು. ೨೦೧೪ರವರೆಗೆ ನಮ್ಮ ದೇಶದಲ್ಲಿ ತಯಾರಾದ ಅಂಬಾಸಡರ್ ಕಾರು ಬಹುಕಾಲ ಒಂದೂವರೆ ಲೀಟರಿನ, ಐವತ್ತರ ಆಸುಪಾಸು ಅಶ್ವಶಕ್ತಿಯ ಇಂಜಿನಿನಲ್ಲಿಯೇ ಓಡಿತೆಂಬುದನ್ನು ನೆನೆದರೆ ಈ ಅಂಕಿಗಳ ಅಂತರ ತಿಳಿದೀತು.

ಇಂಜಿನು ಬೆಳೆಯಿತು, ಮುಂಗಾಲು ಬೆಳೆಯಲಿಲ್ಲ. ಸ್ಪ್ರಿಂಗನ್ನು ಸ್ವಲ್ಪ ಬಿಗಿ ಮಾಡಿ, ಅಡ್ಡಸರಳನ್ನು ಸ್ವಲ್ಪ ದಪ್ಪ ಮಾಡಿದ್ದು ಬಿಟ್ಟರೆ, ಮೂಲರಚನೆಯೆಲ್ಲ ಸಂಸಾರಸ್ಥರು ಭಾನುವಾರ ಚರ್ಚಿಗೆ ಓಡಿಸುತ್ತಿದ್ದ ಟೆಂಪೆಸ್ಟಿನದೇ. ನೇರವಾದ ರಸ್ತೆಯಲ್ಲಿ ಕಾಲು ಮೈಲಿ ಓಡುವುದೇ ಆ ಕಾಲದ ಪರಾಕ್ರಮದ ಅಳತೆಗೋಲಾಗಿತ್ತು. ತಿರುವಿನಲ್ಲಿ ಗಾಡಿ ಏನಾಗುತ್ತದೆಂಬುದನ್ನು ಕೊಂಡವರೂ ಕೇಳಲಿಲ್ಲ, ಮಾರಿದವರೂ ಹೇಳಲಿಲ್ಲ. ಇದು ನನ್ನ ಅಭಿಪ್ರಾಯ, ಜಿ.ಟಿ.ಓ. ಭಕ್ತರು ಮುನಿಸಿಕೊಳ್ಳಬಾರದು.

ಇನ್ನು ರಚನೆಗೆ ಬರೋಣ. ಎತ್ತಿನ ಗಾಡಿಯಲ್ಲಿ ಅಚ್ಚು ಹಲಗೆಯ ಕೆಳಗೆ ನೇರವಾಗಿ ಕಟ್ಟಿರುತ್ತದೆ. ಚಕ್ರ ಕಲ್ಲಿನ ಮೇಲೆ ಹತ್ತಿದರೆ ಕೂತವರ ಬೆನ್ನೂ ಹತ್ತುತ್ತದೆ. ಕಾರಿನ ಮುಂದಿನ ಚಕ್ರಗಳಾದರೋ ಒಂದಕ್ಕೊಂದು ಸಂಬಂಧವಿಲ್ಲದೆ ಪ್ರತ್ಯೇಕವಾಗಿ ಮೇಲೆ ಕೆಳಗೆ ಆಡಬೇಕು. ಎಡಕ್ಕೆ ಬಲಕ್ಕೆ ತಿರುಗಬೇಕು. ಹಿಂದೆ ಮುಂದೆ ಮಾತ್ರ ಒಂದು ಕೂದಲೆಳೆಯಷ್ಟೂ ಅಲುಗಬಾರದು. ಈ ಮೂರನ್ನೂ ಸಾಧಿಸಲು ಜಿ.ಟಿ.ಓ. ಕಾರಿನ ಪ್ರತಿಯೊಂದು ಮುಂಚಕ್ರಕ್ಕೂ ಎರಡು ತೋಳುಗಳಿವೆ. ಮೇಲಿನದು ಗಿಡ್ಡ, ಕೆಳಗಿನದು ಉದ್ದ. ಎರಡೂ ಹೆಚ್ಚುಕಡಮೆ ಇಂಗ್ಲಿಷಿನ ‘ಎ’ ಅಕ್ಷರದ ಆಕಾರದವು. ಅಗಲವಾದ ತುದಿಯ ಎರಡು ಕಾಲುಗಳು ರಬ್ಬರಿನ ಬುಷ್‌ಗಳ ಮೂಲಕ ಚಾಸಿಗೆ ಸೇರಿಕೊಂಡಿವೆ. ಚೂಪಾದ ತುದಿಯಲ್ಲಿ ಬಾಲ್ ಜಾಯಿಂಟ್ ಎಂಬ ಗುಂಡುಕೀಲು ಇದೆ. ನಮ್ಮ ಭುಜದ ಕೀಲಿನಂತೆ ಬಟ್ಟಲಿನಲ್ಲಿ ಗುಂಡು ಕೂತಿರುವ ಈ ಕೀಲು ಎಲ್ಲ ದಿಕ್ಕಿಗೂ ಹೊರಳಬಲ್ಲದು. ಮೇಲಿನ ಕೀಲಿಗೂ ಕೆಳಗಿನ ಕೀಲಿಗೂ ನಡುವೆ ಉಕ್ಕಿನ ಗೆಣ್ಣು ನಿಂತಿದೆ. ಚಕ್ರ ಸುತ್ತುವುದು ಆ ಗೆಣ್ಣಿನ ಮೊಳೆಯ ಮೇಲೆ. ಕೆಳತೋಳಿಗೂ ಚಾಸಿಗೂ ನಡುವೆ ಸುರುಳಿ ಸ್ಪ್ರಿಂಗು, ಅದರ ಹೊಟ್ಟೆಯೊಳಗೆ ಷಾಕ್ ಅಬ್ಸಾರ್ಬರ್. ಷಾಕ್ ಅಬ್ಸಾರ್ಬರ್ ಗಾಡಿಯ ಭಾರ ಹೊರುತ್ತದೆಂದು ಬಹುಮಂದಿ ತಿಳಿದಿದ್ದಾರೆ. ಭಾರವನ್ನೆಲ್ಲ ಹೊರುವುದು ಸ್ಪ್ರಿಂಗು. ಒಮ್ಮೆ ತೂಗಿದ ಉಯ್ಯಾಲೆ ತೂಗುತ್ತಲೇ ಇರದಂತೆ ಹಿಡಿದು ನಿಲ್ಲಿಸುವುದಷ್ಟೇ ಷಾಕ್ ಅಬ್ಸಾರ್ಬರಿನ ಕೆಲಸ.

ಸ್ಪ್ರಿಂಗು ಕೂತಿರುವುದು ಕೆಳತೋಳಿನ ಮೇಲಾದ್ದರಿಂದ ಗಾಡಿಯ ತೂಕ ಹಾದುಹೋಗುವುದು ಕೆಳಗಿನ ಗುಂಡುಕೀಲಿನ ಮೂಲಕ. ಇದರಲ್ಲಿ ಒಂದು ವಿಶೇಷವುಂಟು. ಸ್ಪ್ರಿಂಗು ತೋಳನ್ನು ಕೆಳಕ್ಕೆ ಅದುಮುತ್ತದೆ, ನೆಲವು ಚಕ್ರವನ್ನೂ ಗೆಣ್ಣನ್ನೂ ಮೇಲಕ್ಕೆ ನೂಕುತ್ತದೆ. ಹೀಗಾಗಿ ಗುಂಡನ್ನು ಬಟ್ಟಲಿನಿಂದ ಹೊರಕ್ಕೆಳೆಯುವ ಪ್ರಯತ್ನ ಹಗಲಿರುಳೂ ನಡೆದೇ ಇರುತ್ತದೆ. ಗಾಡಿ ಷೆಡ್ಡಿನಲ್ಲಿ ನಿದ್ರಿಸುವಾಗಲೂ ಈ ಕೀಲಿಗೆ ವಿಶ್ರಾಂತಿಯಿಲ್ಲ. ಸವೆದ ಬಟ್ಟಲಿನಿಂದ ಗುಂಡು ಒಂದು ದಿನ ಕಳಚಿತೆಂದರೆ ಚಕ್ರ ಮಡಚಿಕೊಂಡು ಗಾಡಿಯ ಮೂಗು ರಸ್ತೆಗೆ ಬಡಿಯುತ್ತದೆ. ಆಮೇಲೆ ಸ್ಟಿಯರಿಂಗ್ ಯಾರ ಕೈಯಲ್ಲಿದ್ದರೂ ಒಂದೇ. ಅತ್ತೆ ಕೇಳಿದ ‘ಟಕ್’ ಸದ್ದಿನ ಒಂದಂಶ ಈ ಕೀಲಿನದು.

ಸವೆತವನ್ನು ಪತ್ತೆಹಚ್ಚುವುದರಲ್ಲಿಯೂ ಒಂದು ಸೂಕ್ಷ್ಮವಿದೆ. ಚಾಸಿಯ ಕೆಳಗೆ ಜಾಕ್ ಕೊಟ್ಟು ಎತ್ತಿ ಚಕ್ರವನ್ನು ಅಲುಗಿಸಿ ನೋಡಿದರೆ ಏನೂ ತಿಳಿಯುವುದಿಲ್ಲ. ಏಕೆಂದರೆ ಸ್ಪ್ರಿಂಗು ಆಗಲೂ ತೋಳನ್ನು ಅದುಮಿ ಕೀಲನ್ನು ಬಿಗಿಯಾಗಿ ಎಳೆದಿರುತ್ತದೆ, ಸಡಿಲ ಅಡಗಿಕೊಳ್ಳುತ್ತದೆ. ಕೆಳತೋಳಿನ ತುದಿಯ ಕೆಳಗೇ ಜಾಕ್ ಕೊಟ್ಟು ಎತ್ತಬೇಕು. ಸ್ಪ್ರಿಂಗಿನ ಒತ್ತಡ ಜಾಕಿನ ಮೇಲೆ ಬಿದ್ದು ಕೀಲು ಹಗುರವಾಗುತ್ತದೆ. ಆಗ ಟೈರಿನ ಕೆಳಗೆ ಹಾರೆ ತೂರಿಸಿ ಮೀಟಿದರೆ ಚಕ್ರ ಮೇಲೆ ಕೆಳಗೆ ಕುಣಿಯುವುದು ಕಣ್ಣಿಗೇ ಕಾಣುತ್ತದೆ. ಮಾವನ ಗಾಡಿಯ ಬಲಗಡೆಯ ಕೀಲು ಪರವಾಗಿರಲಿಲ್ಲ. ಎಡಗಡೆಯದು ಬೆಂಕಿಪೊಟ್ಟಣದ ದಪ್ಪಕ್ಕೆ ಹತ್ತಿರ ಹತ್ತಿರ ಆಡಿತು. ಮಾವ ಒಂದು ಮಾತನ್ನೂ ಆಡದೆ ಹಾರೆಯನ್ನು ಗೋಡೆಗೆ ಒರಗಿಸಿದರು.

ಕೆಲಸದ ಮೊದಲು ಗಾಡಿಯನ್ನು ನಿಲ್ಲಿಸುವ ಪ್ರಶ್ನೆ. ಚಾಸಿಯನ್ನು ಉಕ್ಕಿನ ಆಸರೆಗಾಲುಗಳ ಮೇಲೆ ಕೂರಿಸಿ ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ ಇಡಬೇಕು. ಜಾಕಿನ ಮೇಲೆಯೇ ನಿಲ್ಲಿಸಿದ ಗಾಡಿಯ ಕೆಳಗೆ ನುಸುಳುವುದಾಗಲಿ, ಆಸರೆಗಾಲಿನ ಬದಲು ಇಟ್ಟಿಗೆ ಪೇರಿಸುವುದಾಗಲಿ ಪ್ರಾಣದ ಮೇಲೆ ಆಸೆಯಿಲ್ಲದವರ ಕೆಲಸ. ಎರಡನೆಯದಾಗಿ, ಎರಡು ಪಕ್ಕಗಳನ್ನೂ ಒಟ್ಟಿಗೆ ಬಿಚ್ಚಬಾರದು. ಒಂದು ಪಕ್ಕ ಬಿಚ್ಚಿದಾಗ ಇನ್ನೊಂದು ಪಕ್ಕವೇ ನಮ್ಮ ಪಠ್ಯಪುಸ್ತಕ. ಮೊಬೈಲಿನಲ್ಲಿ ಎಷ್ಟು ಚಿತ್ರ ತೆಗೆದರೂ ಕೈಯಿಂದ ತಡವಿ ನೋಡಬಹುದಾದ ಮಾದರಿಗೆ ಅವು ಸಮನಲ್ಲ. ಚಕ್ರ, ಬ್ರೇಕಿನ ಡ್ರಮ್ಮು, ಅಡ್ಡಸರಳಿನ ಕೊಂಡಿ, ಸ್ಟಿಯರಿಂಗಿನ ಕಡ್ಡಿ, ಷಾಕ್ ಅಬ್ಸಾರ್ಬರ್ ಇವು ಕ್ರಮವಾಗಿ ಕಳಚಿಕೊಳ್ಳುತ್ತವೆ. ಇವುಗಳ ವಿವರ ಬೇಡ. ಬ್ರೇಕಿನ ತಟ್ಟೆಯನ್ನು ತಂತಿಯಿಂದ ಎತ್ತಿ ಕಟ್ಟಬೇಕೆಂಬುದೊಂದನ್ನು ಹೇಳಬೇಕು. ಇಲ್ಲವಾದರೆ ಅದರ ಭಾರವೆಲ್ಲ ಎಣ್ಣೆಯ ರಬ್ಬರು ಕೊಳವೆಯ ಮೇಲೆ ಜೋತುಬೀಳುತ್ತದೆ.

ಈಗ ಸ್ಪ್ರಿಂಗು. ಈ ಕೆಲಸದಲ್ಲಿ ಭಯಪಡಬೇಕಾದ ವಸ್ತು ಇದೊಂದೇ, ಮತ್ತು ಭಯಪಡುವುದು ವಿವೇಕ. ಇದರೊಳಗೆ ಎಷ್ಟು ಶಕ್ತಿ ಅಡಗಿದೆಯೆಂಬುದನ್ನು ಪ್ರೌಢಶಾಲೆಯ ಗಣಿತದಿಂದಲೇ ಅಂದಾಜು ಮಾಡಬಹುದು. ಗಾಡಿಯ ತೂಕ ಸುಮಾರು ೧,೬೦೦ ಕಿಲೋಗ್ರಾಂ. ಎರಕದ ಕಬ್ಬಿಣದ ಎಂಟು ಸಿಲಿಂಡರಿನ ಇಂಜಿನು ಮುಂದೆ ಇರುವುದರಿಂದ ಅರ್ಧಕ್ಕಿಂತ ಹೆಚ್ಚು ಮುಂದಿನ ಚಕ್ರಗಳ ಮೇಲೆಯೇ. ಚಕ್ರ, ಬ್ರೇಕುಗಳ ಸ್ವಂತ ತೂಕವನ್ನು ಕಳೆದರೆ ಒಂದೊಂದು ಪಕ್ಕಕ್ಕೆ ೪೦೦ ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಆದರೆ ಸ್ಪ್ರಿಂಗು ಕೂತಿರುವುದು ತೋಳಿನ ತುದಿಯಲ್ಲಲ್ಲ, ನಡುವಿನಲ್ಲಿ. ಸನ್ನೆಕೋಲಿನ ನಿಯಮದಂತೆ ಅದರ ಮೇಲಿನ ಒತ್ತಡ ಇಮ್ಮಡಿಯಾಗಿ ೮೦೦ ಕಿಲೋಗ್ರಾಂ ಆಗುತ್ತದೆ. ಆ ಭಾರಕ್ಕೆ ಅದು ಹದಿನೈದು ಸೆಂಟಿಮೀಟರು ಕುಗ್ಗಿದೆಯೆಂದರೆ, ಒಳಗೆ ಕೂಡಿಟ್ಟ ಶಕ್ತಿ ಎಂಟುನೂರರ ಅರ್ಧವನ್ನು ೦.೧೫ರಿಂದ ಗುಣಿಸಿದಷ್ಟು, ಎಂದರೆ ೬೦ ಕಿಲೋಗ್ರಾಂ ಮೂಟೆಯನ್ನು ಒಂದು ಮೀಟರು ಎತ್ತುವಷ್ಟು. ಇದೇನು ಮಹಾ, ಹಮಾಲಿ ದಿನವೂ ಎತ್ತುತ್ತಾನೆ ಎನ್ನಬಹುದು. ಆದರೆ ಸ್ಪ್ರಿಂಗಿನ ಸ್ವಂತ ತೂಕ ಐದಾರು ಕಿಲೋಗ್ರಾಂ ಮಾತ್ರ. ಆರು ಕಿಲೋಗ್ರಾಂ ಉಕ್ಕನ್ನು ಅದೇ ಶಕ್ತಿ ಹತ್ತು ಮೀಟರು, ಎಂದರೆ ಮೂರು ಅಂತಸ್ತಿನ ಎತ್ತರಕ್ಕೆ ಚಿಮ್ಮಿಸಬಲ್ಲದು, ಕಣ್ಣು ಮಿಟುಕಿಸುವುದರೊಳಗಾಗಿ. ಗ್ಯಾರೇಜಿನಲ್ಲಿ ಅಷ್ಟು ಎತ್ತರವಿಲ್ಲ. ಎದುರಿಗೆ ಇರುವುದು ಕೆಲಸಗಾರನ ಎದೆ. ಗಾಡಿಯನ್ನು ಎತ್ತಿ ತೋಳು ಇಳಿಬಿದ್ದಾಗ ಈ ಶಕ್ತಿಯಲ್ಲಿ ಒಂದು ಪಾಲು ಬಿಡುಗಡೆಯಾಗಿರುತ್ತದೆ ನಿಜ. ಉಳಿದುದೇ ಸಾಕು.

ಆದ್ದರಿಂದ ಮೂರು ಕಾವಲು. ಷಾಕ್ ಅಬ್ಸಾರ್ಬರ್ ತೆಗೆದ ರಂಧ್ರದಿಂದ ಮರೆಯುಳ್ಳ ಉದ್ದನೆಯ ಸಲಾಕೆಯೊಂದನ್ನು ತೂರಿಸುತ್ತಾರೆ. ಅದರ ಕೊಕ್ಕೆಗಳು ಸ್ಪ್ರಿಂಗಿನ ಸುರುಳಿಗಳನ್ನು ಹಿಡಿದುಕೊಳ್ಳುತ್ತವೆ, ನಟ್ಟು ತಿರುಗಿಸಿದಂತೆ ಸ್ಪ್ರಿಂಗು ಗಿಡ್ಡವಾಗುತ್ತದೆ. ಇದು ಮೊದಲನೆಯದು. ಸುರುಳಿಯ ನಡುವೆ ದಪ್ಪ ಸರಪಳಿ ಪೋಣಿಸಿ ಚಾಸಿಗೆ ಬಿಗಿಯುವುದು ಎರಡನೆಯದು. ಸ್ಪ್ರಿಂಗು ಎದ್ದರೂ ಹಗ್ಗಕ್ಕೆ ಕಟ್ಟಿದ ಹೋರಿಯಂತೆ ಅಲ್ಲಿಯೇ ಗುದ್ದಾಡಬೇಕು. ಕೆಳತೋಳಿನ ಕೆಳಗೆ ಜಾಕು ಮೂರನೆಯದು. ಇವೆಲ್ಲ ಆದ ಮೇಲೆ ಗುಂಡುಕೀಲಿನ ನಟ್ಟುಗಳನ್ನು ಪೂರ್ತಿ ತೆಗೆಯದೆ, ನಾಲ್ಕಾರು ಸುತ್ತು ಸಡಿಲಿಸಿ ಬಿಡಬೇಕು. ಕೀಲಿನ ಕಾಂಡವು ಗೆಣ್ಣಿನ ರಂಧ್ರದಲ್ಲಿ ಕುಳಿತಿರುವುದು ಬೆಣೆಯಂತೆ. ನಟ್ಟು ತೆಗೆದ ಮಾತ್ರಕ್ಕೆ ಅದು ಹೊರಬರುವುದಿಲ್ಲ. ಕಾಂಡವನ್ನು ಹೊಡೆಯುವುದರಿಂದಲೂ ಪ್ರಯೋಜನವಿಲ್ಲ. ರಂಧ್ರವಿರುವ ಗೆಣ್ಣಿನ ಕಿವಿಯ ಪಕ್ಕಕ್ಕೆ ದೊಡ್ಡ ಸುತ್ತಿಗೆಯಿಂದ ಎರಡು ಬಲವಾದ ಪೆಟ್ಟು ಕೊಟ್ಟರೆ, ರಂಧ್ರ ಒಂದು ಕ್ಷಣ ಅಂಡಾಕಾರ ತಳೆದು ಬೆಣೆಯನ್ನು ಉಗುಳಿಬಿಡುತ್ತದೆ. ಕೋವಿ ಹಾರಿಸಿದಂಥ ಸದ್ದು. ಐವತ್ತು ವರ್ಷಕ್ಕೂ ಮೇಲ್ಪಟ್ಟು ಒಂದನ್ನೊಂದು ಬಿಡದಿದ್ದ ಎರಡು ಲೋಹಗಳು ಬೇರೆಯಾದ ಆ ಸದ್ದಿಗೆ ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿಬಂದರು. ಸಡಿಲಿಸಿ ಬಿಟ್ಟಿದ್ದ ನಟ್ಟು ಕೀಲನ್ನು ಹಿಡಿದು ನಿಲ್ಲಿಸಿತ್ತು; ಅದು ಅಲ್ಲಿರಬೇಕಾದದ್ದು ಇದಕ್ಕಾಗಿಯೇ. ಇನ್ನು ನಟ್ಟು ತೆಗೆದು, ಗೆಣ್ಣನ್ನು ಎತ್ತಿ, ಜಾಕನ್ನು ಅಂಗುಲ ಅಂಗುಲವಾಗಿ ಇಳಿಸುವುದು. ಸ್ಪ್ರಿಂಗಿನ ಎದುರಿಗೆ ಯಾರೂ ನಿಲ್ಲಬಾರದು, ಪಕ್ಕದಲ್ಲಿ ನಿಂತು ಕೆಲಸಮಾಡಬೇಕು. ಇಳಿಸುವುದಕ್ಕೆ ನಾವು ತೆಗೆದುಕೊಂಡದ್ದು ಮುಕ್ಕಾಲು ಗಂಟೆ.

ಮೇಲ್ತೋಳನ್ನು ಕಳಚುವಾಗ ಅದರ ದಂಡಕ್ಕೂ ಚಾಸಿಗೂ ನಡುವೆ ತೆಳುವಾದ ತಗಡಿನ ತುಂಡುಗಳು ಸಿಕ್ಕುತ್ತವೆ. ಶಿಮ್ ಎಂದು ಅವುಗಳ ಹೆಸರು. ಕಸವೆಂದು ಎಸೆಯತಕ್ಕದ್ದಲ್ಲ, ಚಕ್ರದ ಕೋನಗಳೆಲ್ಲ ಅವುಗಳ ದಪ್ಪದಲ್ಲಿ ಅಡಗಿವೆ. ಮುಂದಿನ ಬೋಲ್ಟಿನವು ಎಷ್ಟು, ಹಿಂದಿನವು ಎಷ್ಟು ಎಂದು ಬೇರೆ ಬೇರೆ ಕಟ್ಟಿ ಚೀಟಿ ಹಚ್ಚಿಡಬೇಕು.

ಅನಂತರದ್ದು ಬುಷ್‌ಗಳ ಕೆಲಸ. ಈ ಲೇಖನವನ್ನು ಬರೆಯಬೇಕೆಂದು ನನಗೆ ಅನಿಸಿದ್ದೇ ಈ ರಬ್ಬರಿನ ಬುಷ್‌ಗಳಿಂದ. ಬಾಗಿಲ ತಿರುಗಣೆಯಂತೆ ಇದರಲ್ಲಿಯೂ ಒಂದು ಕೊಳವೆಯೊಳಗೆ ಇನ್ನೊಂದು ಕೊಳವೆ ತಿರುಗುತ್ತದೆಂದು ನಾನು ಊಹಿಸಿಕೊಂಡಿದ್ದೆ. ಯಾರೂ ಹಾಗೆಯೇ ಊಹಿಸುತ್ತಾರೆ. ನಿಜದಲ್ಲಿ ಇಲ್ಲಿ ಯಾವುದೂ ತಿರುಗುವುದಿಲ್ಲ. ಹೊರಗಿನ ಉಕ್ಕಿನ ಕವಚ ತೋಳಿಗೆ ಬಿಗಿ, ಒಳಗಿನ ಉಕ್ಕಿನ ನಳಿಗೆ ಬೋಲ್ಟಿನಿಂದ ಚಾಸಿಗೆ ಬಿಗಿ, ನಡುವಿನ ರಬ್ಬರು ಎರಡಕ್ಕೂ ಬಿಗಿ. ಚಕ್ರ ಮೇಲೇರಿದಾಗ ರಬ್ಬರು ಒಂದು ಕಡೆಗೆ ತಿರುಚಿಕೊಳ್ಳುತ್ತದೆ, ಇಳಿದಾಗ ಇನ್ನೊಂದು ಕಡೆಗೆ. ಒದ್ದೆ ಪಂಚೆಯನ್ನು ಅರ್ಧ ಹಿಂಡಿ ಬಿಟ್ಟಂತೆ. ಉಜ್ಜುವ ಮೇಲ್ಮೈಯೇ ಇಲ್ಲವಾದ್ದರಿಂದ ಇದಕ್ಕೆ ಎಣ್ಣೆ ಬೇಕಿಲ್ಲ. ಹಾಕಿದರೆ ರಬ್ಬರು ಕೊಳೆಯುತ್ತದೆ. ಅರ್ಧ ಶತಮಾನದ ಬಿಸಿಲು ಚಳಿಗೆ ಇದು ಮೊದಲು ಗಡುಸಾಗಿ, ಆಮೇಲೆ ಬಿರಿದು, ಕೊನೆಗೆ ಪುಡಿಯಾಗುತ್ತದೆ. ನಾವು ತೆಗೆದ ಒಂದು ಬುಷ್ಷಿನಲ್ಲಿ ಒಳನಳಿಗೆಯು ಒಂದು ಪಕ್ಕಕ್ಕೆ ಪೂರ್ತಿ ಒತ್ತರಿಸಿಕೊಂಡಿತ್ತು. ಬ್ರೇಕು ಹಾಕಿದಾಗಲೆಲ್ಲ ತೋಳು ಆ ಸಡಿಲದಷ್ಟು ಹಿಂದಕ್ಕೆ ಸರಿದು ಲೋಹಕ್ಕೆ ಲೋಹ ತಾಗುತ್ತಿತ್ತು. ‘ಟಕ್’ ಸದ್ದಿನ ಇನ್ನೊಂದಂಶ ಇದು.

ಹಳೆಯ ಬುಷ್ಷನ್ನು ಹೊರಗೆಳೆಯಲು ಕೆಲವರು ರಬ್ಬರಿಗೆ ಬೆಂಕಿ ಹಚ್ಚುತ್ತಾರೆ. ಅದರ ಹೊಗೆ ವಿಷ, ನೆರೆಹೊರೆಯವರ ಶಾಪ ಬೇರೆ. ಉದ್ದನೆಯ ಬೋಲ್ಟು, ದಪ್ಪ ವಾಷರು, ಒಂದು ತುಂಡು ಕೊಳವೆ ಇಷ್ಟಿದ್ದರೆ ನಟ್ಟು ಬಿಗಿಸುತ್ತ ಬಿಗಿಸುತ್ತ ಅದನ್ನು ಕೊಳವೆಯೊಳಕ್ಕೆ ಎಳೆದುಕೊಳ್ಳಬಹುದು; ಹೊಸದನ್ನು ಕೂರಿಸುವುದೂ ಹೀಗೆಯೇ. ತೋಳಿನ ಎರಡು ಕಿವಿಗಳು ಬಾಗಿ ಹತ್ತಿರವಾಗದಂತೆ ನಡುವೆ ಗಟ್ಟಿಯಾದ ಒತ್ತು ಕೊಡಬೇಕು. ಹೊಸ ಬುಷ್‌ಗಳನ್ನು ಒಂದು ರಾತ್ರಿ ಫ್ರೀಜರಿನಲ್ಲಿಟ್ಟರೆ ಕುಗ್ಗಿ ಸುಲಭವಾಗಿ ಕೂರುತ್ತವೆಂದು ಮಾವನ ಗೆಳೆಯರೊಬ್ಬರ ಸಲಹೆ. ಕರಿಬೇವಿನ ಪೊಟ್ಟಣಗಳ ಪಕ್ಕದಲ್ಲಿ ಅವೂ ಒಂದು ರಾತ್ರಿ ಮಲಗಿದುವು. ಲೆಕ್ಕ ಹಾಕಿ ನೋಡಿದೆ: ಉಕ್ಕು ಒಂದು ಡಿಗ್ರಿಗೆ ತನ್ನ ಉದ್ದದ ಲಕ್ಷದಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಕುಗ್ಗುತ್ತದೆ; ಐದು ಸೆಂಟಿಮೀಟರಿನ ಕವಚ ನಲವತ್ತು ಡಿಗ್ರಿ ತಣಿದರೆ ಮಿಲಿಮೀಟರಿನ ನಲವತ್ತನೆಯ ಒಂದು ಭಾಗ. ಉಪಕಾರವೇನೋ ಸರಿ, ಪವಾಡವಲ್ಲ. ರಬ್ಬರಿನ ಬದಲು ಪಾಲಿಯುರೆಥೇನ್ ಎಂಬ ಗಡಸು ವಸ್ತುವಿನ ಬುಷ್‌ಗಳೂ ದೊರೆಯುತ್ತವೆ. ಅವು ತಿರುಚಿಕೊಳ್ಳದೆ ನಿಜವಾಗಿಯೂ ತಿರುಗುವಂಥವು. ಆದ್ದರಿಂದ ಗ್ರೀಸು ಬೇಕು, ಗ್ರೀಸು ಒಣಗಿದರೆ ಕಿರುಗುಟ್ಟುತ್ತವೆ. ಪಂದ್ಯಕ್ಕೆ ಹೋಗದ ಗಾಡಿಗೆ ರಬ್ಬರೇ ಲೇಸೆಂದು ಮಾವನ ತೀರ್ಮಾನ, ನನ್ನದೂ ಅದೇ.

ಗುಂಡುಕೀಲುಗಳ ಪೈಕಿ ಮೇಲಿನದನ್ನು ಕಾರ್ಖಾನೆಯಲ್ಲಿ ರಿವೆಟ್ ಹೊಡೆದು ಕೂರಿಸಿರುತ್ತಾರೆ. ತಲೆಗಳನ್ನು ಕೊರೆದು ಉಳಿಯಿಂದ ಹಾರಿಸಿ, ಹೊಸದನ್ನು ಬೋಲ್ಟುಗಳಿಂದ ಹಾಕಬೇಕು. ಕೆಳಗಿನದು ಒತ್ತಿ ಕೂರಿಸಿದ್ದು, ಬಲವಾದ ಒತ್ತುಯಂತ್ರವಿಲ್ಲದೆ ಅಲುಗದು. ಉಪಕರಣಗಳ ಅಂಗಡಿಯಲ್ಲಿ ಬಾಡಿಗೆಗೆ ದೊರೆಯುತ್ತದೆ. ಜೋಡಿಸುವಾಗ ಸ್ಪ್ರಿಂಗಿನ ಕೆಳತುದಿ ತೋಳಿನ ಬಟ್ಟಲಿನಲ್ಲಿ ತನ್ನ ಗುಳಿಯಲ್ಲಿಯೇ ಕೂರಬೇಕು. ಅಲ್ಲಿ ನೀರು ಬಸಿಯಲು ಎರಡು ರಂಧ್ರಗಳಿವೆ. ಸುರುಳಿಯ ತುದಿ ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆದಿಟ್ಟರೆ ಸರಿಯಾಗಿ ಕೂತಿದೆಯೆಂದು ಗುರುತು. ಗುಂಡುಕೀಲಿನ ನಟ್ಟಿನ ಕಂಡಿಯೂ ಕಾಂಡದ ರಂಧ್ರವೂ ಸೇರದಿದ್ದರೆ ಕಾಟರ್ ಪಿನ್ನು ತೂರುವ ಸಲುವಾಗಿ ನಟ್ಟನ್ನು ಸಡಿಲಿಸಬಾರದು. ಇನ್ನೂ ಸ್ವಲ್ಪ ಬಿಗಿಮಾಡಿ ಮುಂದಿನ ಕಂಡಿಗೆ ತರಬೇಕು.

ಬುಷ್ಷಿನ ಸ್ವಭಾವ ತಿಳಿದವರಿಗೆ ಮುಂದಿನ ಮಾತು ತಾನಾಗಿಯೇ ಹೊಳೆಯುತ್ತದೆ, ಆದರೂ ಈ ಕೆಲಸದಲ್ಲಿ ಬಹುಮಂದಿ ಎಡವುವುದು ಇಲ್ಲಿಯೇ ಎಂದು ಮಾವ ಹೇಳುತ್ತಾರೆ. ಗಾಡಿ ಮೇಲೆ ನಿಂತು ತೋಳುಗಳು ಇಳಿಬಿದ್ದಿರುವಾಗ ಬುಷ್‌ಗಳ ಬೋಲ್ಟುಗಳನ್ನು ಪೂರ್ತಿ ಬಿಗಿದರೆ, ರಬ್ಬರು ಆ ಭಂಗಿಯನ್ನೇ ತನ್ನ ನೆಮ್ಮದಿಯ ಭಂಗಿಯೆಂದು ತಿಳಿಯುತ್ತದೆ. ಚಕ್ರಗಳು ನೆಲ ಮುಟ್ಟಿ ತೋಳು ಮೇಲೆದ್ದಾಗ ಅದು ತಿರುಚಿಕೊಂಡೇ ನಿಲ್ಲಬೇಕು, ವರ್ಷವೆಲ್ಲ. ಹೊಸ ಬುಷ್‌ಗಳು ಬೇಗನೆ ಹರಿದವೆಂದು ಅಂಗಡಿಯವನನ್ನು ಬಯ್ಯುವವರು ಅನೇಕ ವೇಳೆ ಹೀಗೆ ತಾವೇ ಹಿಂಡಿ ಕೊಂದಿರುತ್ತಾರೆ. ಬೋಲ್ಟುಗಳನ್ನು ಕೈಬಿಗಿಗೆ ಬಿಟ್ಟು, ಗಾಡಿಯನ್ನು ನೆಲಕ್ಕಿಳಿಸಿ, ಮುಂಭಾಗವನ್ನು ನಾಲ್ಕು ಬಾರಿ ಅದುಮಿ ಬಿಟ್ಟು, ಭಾರ ಚಕ್ರದ ಮೇಲಿರುವಾಗ ಕೆಳಗೆ ನುಸುಳಿ ಬಿಗಿಯಬೇಕು. ಎಷ್ಟು ಬಲದಿಂದ ಎಂಬುದಕ್ಕೆ ಆಯಾ ವರ್ಷದ ಕಾರ್ಖಾನೆಯ ಕೈಪಿಡಿಯೇ ಪ್ರಮಾಣ, ಅಂದಾಜು ಸಲ್ಲದು.

ಆದರೆ ಅದೇ ಕೈಪಿಡಿಯನ್ನು ಒಂದು ವಿಷಯದಲ್ಲಿ ಮೀರಬೇಕಾಗುತ್ತದೆ. ಸೈಕಲ್ಲಿನ ಮುಂದಿನ ಕವಲು ನೆಟ್ಟಗೆ ನಿಂತಿಲ್ಲ, ಸವಾರನ ಕಡೆಗೆ ಓರೆಯಾಗಿದೆ ಎಂಬುದನ್ನು ಎಲ್ಲರೂ ನೋಡಿದ್ದಾರೆ. ಕೈಬಿಟ್ಟು ತುಳಿದರೂ ಸೈಕಲ್ಲು ನೇರವಾಗಿ ಓಡುವುದಕ್ಕೆ ಇದೂ ಒಂದು ಕಾರಣ. ಕಾರಿನಲ್ಲಿ ಎರಡು ಗುಂಡುಕೀಲುಗಳನ್ನು ಸೇರಿಸುವ ಗೆರೆಗೆ ಇಂಥ ಓರೆಯಿದ್ದರೆ ಅದಕ್ಕೆ ಧನ ಕಾಸ್ಟರ್ ಎನ್ನುತ್ತಾರೆ. ೧೯೬೭ರ ಗಾಡಿಗೆ ಗೊತ್ತುಮಾಡಿದ್ದ ಕಾಸ್ಟರು ಸೊನ್ನೆಯ ಆಸುಪಾಸು, 'ಋಣ'ದ ಕಡೆಗೇ. ಆಗಿನ ಅಡ್ಡನೆಯ್ಗೆಯ ಟೈರುಗಳಿಗೆ ಅದು ಹೊಂದುತ್ತಿತ್ತು, ಸ್ಟಿಯರಿಂಗೂ ಹಗುರವಾಗಿರುತ್ತಿತ್ತು. ಮಿಷೆಲಿನ್ ಕಂಪೆನಿ ೧೯೪೬ರಲ್ಲಿ ಪೇಟೆಂಟು ಪಡೆದ ರೇಡಿಯಲ್ ಟೈರು ಅಮೆರಿಕದಲ್ಲಿ ಸಾರ್ವತ್ರಿಕವಾದದ್ದು ೧೯೭೦ರ ದಶಕದಲ್ಲಿ. ಈಗ ಇಂಥ ಗಾಡಿಗಳಲ್ಲಿ ಹೆಚ್ಚಾಗಿ ಓಡುತ್ತಿರುವುದು ಅದೇ. ಅದಕ್ಕೆ ಎರಡರಿಂದ ನಾಲ್ಕು ಡಿಗ್ರಿ ಧನ ಕಾಸ್ಟರು ಬೇಕು; ಇಲ್ಲವಾದರೆ ಕೀಲುಗಳೆಲ್ಲ ಹೊಸದಾದರೂ ಗಾಡಿ ಅಲೆಯುವುದನ್ನು ಬಿಡದು. ಶಿಮ್‌ಗಳು ಉಪಯೋಗಕ್ಕೆ ಬರುವುದು ಇಲ್ಲಿ. ಮುಂದಿನ ಬೋಲ್ಟಿನಿಂದ ಒಂದನ್ನು ತೆಗೆದು ಹಿಂದಿನದಕ್ಕೆ ಸೇರಿಸಿದರೆ ಧನ ಕಾಸ್ಟರು ಹೆಚ್ಚುತ್ತದೆ. ಎರಡಕ್ಕೂ ಸಮನಾಗಿ ಸೇರಿಸಿದರೆ ಚಕ್ರದ ತಲೆ ಒಳಕ್ಕೆ ವಾಲುತ್ತದೆ.

ಇದನ್ನು ಅಳೆಯಲು ದೊಡ್ಡ ಯಂತ್ರಗಳಿವೆ. ಮನೆಯಲ್ಲಿಯೂ ತಕ್ಕಮಟ್ಟಿಗೆ ಸಾಧ್ಯ. ಚಕ್ರವನ್ನು ಇಪ್ಪತ್ತು ಡಿಗ್ರಿ ಹೊರಕ್ಕೂ ಇಪ್ಪತ್ತು ಡಿಗ್ರಿ ಒಳಕ್ಕೂ ತಿರುಗಿಸಿ, ಎರಡು ಸಲವೂ ಅದರ ವಾಲಿಕೆಯನ್ನು ಕೋನಮಾಪಕದಿಂದ ಅಳೆದು, ವ್ಯತ್ಯಾಸವನ್ನು ಒಂದೂವರೆಯಿಂದ ಗುಣಿಸಿದರೆ ಕಾಸ್ಟರು ಬರುತ್ತದೆ. ತ್ರಿಕೋನಮಿತಿ ಬಲ್ಲ ಗೆಳೆಯರು ಇದನ್ನು ಸಾಧಿಸಿ ನೋಡಬಹುದು. ಎರಡು ಚಕ್ರಗಳ ಮುಂದಿನ ಅಂಚುಗಳ ಅಂತರ ಹಿಂದಿನ ಅಂಚುಗಳ ಅಂತರಕ್ಕಿಂತ ಒಂದಿಷ್ಟೇ, ಅಂಗುಲದ ಹದಿನಾರನೆಯ ಒಂದು ಭಾಗದಷ್ಟು, ಕಡಮೆಯಿರಬೇಕು. ಟೈರಿನ ಮೇಲೆ ಸೀಮೆಸುಣ್ಣದ ಗೆರೆ, ಒಂದು ಅಳತೆಪಟ್ಟಿ, ಅದನ್ನು ಹಿಡಿಯಲು ಇಬ್ಬರು ಸಾಕು. ಪಟ್ಟಿಯ ಇನ್ನೊಂದು ತುದಿ ಹಿಡಿದವಳು ಮಾವನ ಮಗಳು. ಇಷ್ಟಾದ ಮೇಲೂ ಗಾಡಿಯನ್ನು ನಿಧಾನವಾಗಿ ಒಂದು ಕಾರ್ಯಾಗಾರಕ್ಕೆ ಒಯ್ದು ಯಂತ್ರದ ಮೇಲೆ ಅಳೆಯಿಸಿದೆವು. ಕಾಸ್ಟರು ನಮ್ಮ ಲೆಕ್ಕಕ್ಕಿಂತ ಅರ್ಧ ಡಿಗ್ರಿ ಕಡಮೆ ಬಂತು, ಒಂದು ಶಿಮ್ ಅತ್ತಿತ್ತ ಆಯಿತು.

ಹೊಸ ಸ್ಪ್ರಿಂಗಿನ ಗಾಡಿ ಮೊದಲ ಕೆಲವು ವಾರ ಮೂಗು ಮೇಲೆತ್ತಿ ನಿಲ್ಲುತ್ತದೆ, ಓಡಿದಂತೆ ತನ್ನ ಮಟ್ಟಕ್ಕೆ ಇಳಿಯುತ್ತದೆ. ಇಳಿದಾಗ ಕೋನಗಳೂ ಒಂದಿಷ್ಟು ಬದಲಾಗುತ್ತವೆ. ಆದ್ದರಿಂದ ಐನೂರು ಮೈಲಿಗಳ ತರುವಾಯ ಬೋಲ್ಟುಗಳ ಬಿಗಿಯನ್ನೂ ಕೋನಗಳನ್ನೂ ಇನ್ನೊಮ್ಮೆ ನೋಡಬೇಕು, ಗುಂಡುಕೀಲುಗಳಿಗೆ ಗ್ರೀಸು ತುಂಬಬೇಕು. ನಾನು ಊರಿಗೆ ಹೊರಡುವ ಹೊತ್ತಿಗೆ ಗಾಡಿ ೩೧೦ ಮೈಲಿ ಓಡಿ ಮುಂಭಾಗ ಅರ್ಧ ಅಂಗುಲ ಇಳಿದಿತ್ತು. ಆ ಮೈಲಿಗಳಲ್ಲಿ ನಲವತ್ತನ್ನು ಓಡಿಸಿದವಳು ಮಗಳು, ಪಕ್ಕದ ಸೀಟಿನಲ್ಲಿ ಅತ್ತೆ.